23ನೇ ಸರದಿಗೆ ಯಾರು?

2025ರ ಜನವರಿ 12ರಂದು ಫಿಲಡೆಲ್ಫಿಯಾದಲ್ಲಿ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಗ್ರೀನ್ ಬೇ ಪ್ಯಾಕರ್ಸ್ 22-10ರಲ್ಲಿ ಸೋತು ಮನೆಗೆ ಬಂತು. ಸೀಸನ್ ಅಲ್ಲಿಗೆ ಮುಗಿಯಿತು. ವರ್ಷದಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಮಾತ್ರ ಅಲ್ಲಿಂದಲೇ ಬಿರುಸಾಗುತ್ತದೆ. ಏಪ್ರಿಲ್ ಕೊನೆಯಲ್ಲಿ ನಡೆಯುವ ಎನ್‌ಎಫ್‌ಎಲ್ (ಈ ಆಟದ ದೊಡ್ಡ ಲೀಗ್) ಡ್ರಾಫ್ಟ್‌ನಲ್ಲಿ ನಮ್ಮ ತಂಡ ಯಾವ ಕಾಲೇಜು ಹುಡುಗರನ್ನು ಆರಿಸಿಕೊಳ್ಳಬೇಕು ಅಂತ ಆಟ ನೋಡಿ, ಟಿಪ್ಪಣಿ ಬರೆದು, ಒಬ್ಬೊಬ್ಬರನ್ನೇ ಪಟ್ಟಿಯಲ್ಲಿ ಕೂರಿಸುವ ಕೆಲಸ ಅದು. ಹೊಟ್ಟೆಪಾಡಿಗೆ ನಾನು ಸಾಫ್ಟ್‌ವೇರ್‌ನವನು. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ನನ್ನ ಪಟ್ಟಿಯನ್ನು ತಂಡದವರು ಯಾರೂ ಕೇಳುವುದಿಲ್ಲ. ಆದರೂ ಹೊಣೆ ಹೊತ್ತವನ ಹಾಗೇ ಮಾಡುತ್ತೇನೆ.

ಅದಕ್ಕೆ ಕಾರಣ ಈ ತಂಡ. ಪ್ಯಾಕರ್ಸ್‌ಗೆ ಒಬ್ಬ ಧಣಿ ಅಂತ ಇಲ್ಲ. 1923ರಿಂದ ಅದು ಷೇರುದಾರರ ತಂಡ, ಈಗ ಐದು ಲಕ್ಷಕ್ಕೂ ಹೆಚ್ಚು ಜನರ ಹೆಸರು ಆ ಪುಸ್ತಕದಲ್ಲಿದೆ. 2021ರ ಕೊನೆಯಲ್ಲಿ 300 ಡಾಲರಿಗೊಂದರಂತೆ ಷೇರು ಮಾರಿದಾಗ ನಾನೂ ಒಂದು ತೆಗೆದುಕೊಂಡೆ. ಅದಕ್ಕೆ ಡಿವಿಡೆಂಡ್ ಬರುವುದಿಲ್ಲ, ಲಾಭಕ್ಕೆ ಮಾರುವ ಹಾಗೂ ಇಲ್ಲ. ವಿಸ್ಕಾನ್ಸಿನ್ ರಾಜ್ಯದ, ಹೆಚ್ಚುಕಡಿಮೆ ಒಂದು ಲಕ್ಷ ಜನರಿರುವ ಗ್ರೀನ್ ಬೇ ಎಂಬ ಊರು ನ್ಯೂಯಾರ್ಕ್, ಷಿಕಾಗೋ, ಡಲ್ಲಾಸ್‌ಗಳಿಗೆ ಸಮನಾಗಿ ನಿಂತು ಆಡುತ್ತದಲ್ಲ, ಅದರಲ್ಲಿ ನನ್ನದೂ ಒಂದು ಎಳೆ ಇದೆ ಅನ್ನುವುದೇ ನನಗೆ ದೊಡ್ಡದು. ಚಳಿಗಾಲದಲ್ಲಿ ವಿಸ್ಕಾನ್ಸಿನ್‌ನ ಕಿರಾಣಿ ಅಂಗಡಿಯಲ್ಲೂ ಚರ್ಚಿನ ಅಂಗಳದಲ್ಲೂ ಇದೇ ಮಾತು. ಮಂಡ್ಯ ಕಡೆಯಿಂದ ಬಂದವನನ್ನು ಈ ಊರು ಒಳಗೆ ಬಿಟ್ಟುಕೊಂಡದ್ದು ಆ ಮಾತಿನ ಬಾಗಿಲಿನಿಂದಲೇ.

ಡ್ರಾಫ್ಟ್ ಅಂದರೆ ಐಪಿಎಲ್ ಹಾಗೆ ಹರಾಜಲ್ಲ. ಹಿಂದಿನ ಸೀಸನ್‌ನಲ್ಲಿ ತಳದಲ್ಲಿದ್ದ ತಂಡಕ್ಕೆ ಮೊದಲ ಸರದಿ, ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದವರಿಗೆ ಕೊನೆಯದು. ಹೈಸ್ಕೂಲು ಮುಗಿಸಿ ಮೂರು ವರ್ಷ ಆಗಿರಬೇಕು, ಆಗಲೇ ಹುಡುಗನಿಗೆ ಅರ್ಹತೆ. 32 ತಂಡ, ಏಳು ಸುತ್ತು, 2025ರಲ್ಲಿ ಒಟ್ಟು 257 ಆಯ್ಕೆ. ನಮ್ಮದು 23ನೇ ಸರದಿ. ಇದು ಕಷ್ಟದ ಜಾಗ. ಎಲ್ಲರ ಬಾಯಲ್ಲೂ ಇರುವ ಹೆಸರುಗಳು ಅಷ್ಟು ಹೊತ್ತಿಗೆ ಹೋಗಿರುತ್ತವೆ. ಆ ವರ್ಷ ಕ್ಯಾಮ್ ವಾರ್ಡ್, ಟ್ರಾವಿಸ್ ಹಂಟರ್, ಅಬ್ದುಲ್ ಕಾರ್ಟರ್ ಇವರ ಬಗ್ಗೆ ನಾನು ಒಂದು ಸಾಲೂ ಬರೆಯಲಿಲ್ಲ. ನಮಗೆ ಸಿಗದವರ ಗುಣಗಾನ ಮಾಡಿ ಏನು ಪ್ರಯೋಜನ? 18ರಿಂದ 40ರೊಳಗೆ ಯಾರು ಉಳಿದಿರಬಹುದು, ಅವರಲ್ಲಿ ನಮ್ಮ ತಂಡದ ಕೆಲಸಕ್ಕೆ ಒದಗುವವರು ಯಾರು ಅನ್ನುವುದಷ್ಟೇ ನನ್ನ ಪ್ರಶ್ನೆ.

ಮೊದಲು ತಂಡದ ಕೊರತೆ ಏನು ಅಂತ ಬರೆದುಕೊಂಡೆ. ಚೆಂಡು ಹಿಡಿಯುವ ರಿಸೀವರ್‌ಗಳ ಕೈಯಿಂದ ಆ ಸೀಸನ್‌ನಲ್ಲಿ ಚೆಂಡು ಜಾರಿದ್ದೇ ಜಾರಿದ್ದು. ಲೀಗ್‌ನ ಕೊನೆಯ ಪಂದ್ಯದಲ್ಲಿ ಕ್ರಿಶ್ಚಿಯನ್ ವಾಟ್ಸನ್‌ಗೆ ಮೊಣಕಾಲಿನ ಲಿಗಮೆಂಟ್ ಹರಿದು, ಇದ್ದ ಒಬ್ಬ ವೇಗದವನೂ ಮೂಲೆಗೆ ಸೇರಿದ. ಎದುರಾಳಿ ರಿಸೀವರ್‌ಗಳನ್ನು ಕಾಯುವ ಕಾರ್ನರ್ ಜಾಗದಲ್ಲಿ ಜೈರ್ ಅಲೆಗ್ಸಾಂಡರ್ ಉಳಿಯುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರೂ ಸಾಲದು. ಈ ಮೂರರಲ್ಲಿ ಮೊದಲ ಸರದಿ ಯಾವುದಕ್ಕೆ?

ರಿಸೀವರ್‌ಗೆ ಅನ್ನುವ ಉತ್ತರ ಸುಲಭಕ್ಕೆ ಬರುವಂಥದ್ದಲ್ಲ, ಯಾಕಂದರೆ ಪ್ಯಾಕರ್ಸ್ 2002ರಲ್ಲಿ ಜಾವನ್ ವಾಕರ್‌ನನ್ನು ತೆಗೆದುಕೊಂಡ ಮೇಲೆ ಮೊದಲ ಸುತ್ತಿನಲ್ಲಿ ರಿಸೀವರ್ ಕಡೆ ತಿರುಗಿಯೂ ನೋಡಿರಲಿಲ್ಲ. ಅದಕ್ಕೆ ಕಾರಣವೂ ಇದೆ. ಗ್ರೆಗ್ ಜೆನಿಂಗ್ಸ್ 52ನೆಯವನು, ಜೋರ್ಡಿ ನೆಲ್ಸನ್ 36, ರ‍್ಯಾಂಡಲ್ ಕಾಬ್ 64, ದಾವಾಂಟೆ ಆಡಮ್ಸ್ 53. ಎಲ್ಲರೂ ಎರಡನೇ ಸುತ್ತಿನವರು. ಅದಕ್ಕೂ ಹಿಂದೆ ಡೊನಾಲ್ಡ್ ಡ್ರೈವರ್ 1999ರಲ್ಲಿ ಏಳನೇ ಸುತ್ತಿನಲ್ಲಿ ಬಂದು, ನಿವೃತ್ತನಾಗುವ ಹೊತ್ತಿಗೆ ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ಯಾರ್ಡ್ (ಚೆಂಡು ಹಿಡಿದು ಮುನ್ನಡೆದ ಗಜ) ಗಳಿಸಿದ ರಿಸೀವರ್ ಆಗಿದ್ದ. ಹೀಗೆ ಕೆಳಗಿನ ಸುತ್ತಿನಲ್ಲಿ ಹೆಕ್ಕಿ ತೆಗೆಯುವ ಕಣ್ಣಿರುವ ತಂಡಕ್ಕೆ ಮೊದಲ ಸರದಿಯಲ್ಲೇ ರಿಸೀವರ್ ಬೇಕು ಅಂತ ಹೇಳಬೇಕಾದರೆ ಆ ಹುಡುಗ ಅಷ್ಟು ಗಟ್ಟಿ ಇರಬೇಕು.

ಆಟ ನೋಡುವುದನ್ನು ನನಗೆ ಕಲಿಸಿದವರು ನಮ್ಮ ಹಿಂದಿನ ಬೀದಿಯ ಹಿರಿಯರು. ಹೈಸ್ಕೂಲ್ ತಂಡಗಳಿಗೆ ದಶಕಗಟ್ಟಲೆ ಕೋಚ್ ಆಗಿದ್ದು ನಿವೃತ್ತರಾದವರು. ಮೊದಲ ದಿನವೇ ಅವರು ಹೇಳಿದ್ದು ಒಂದೇ ಮಾತು, "ಚೆಂಡನ್ನು ನೋಡಬೇಡಿ. ಚೆಂಡು ಎಲ್ಲಿ ಹೋಯಿತು ಅಂತ ಆಮೇಲೆ ಯಾರು ಬೇಕಾದರೂ ಹೇಳ್ತಾರೆ." ಪ್ರತಿ ಆಟವನ್ನು, ಅಂದರೆ ಪಂದ್ಯದ ಒಂದೊಂದು ಯತ್ನವನ್ನು, ಮೂರು ಸಲ ನೋಡಿಸುತ್ತಿದ್ದರು. ಮೊದಲ ಸಲ ಎದುರಿನವರು ಹೇಗೆ ನಿಂತಿದ್ದಾರೆ ಅಂತ. ಎರಡನೇ ಸಲ ನಮ್ಮ ಹುಡುಗನನ್ನು ಮಾತ್ರ. ಚೆಂಡು ಕೊನೆಗೆ.

ಕೇಳಲು ಸುಲಭ, ಮಾಡಲು ಬಲು ಕಷ್ಟ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ರಿಸೀವರ್ ಆಟ ಶುರುವಾದ ಎರಡು ಕ್ಷಣಕ್ಕೆ ಪರದೆಯಿಂದ ಆಚೆ ಹೋಗಿಬಿಡುತ್ತಾನೆ, ಚೆಂಡು ಅವನ ಕಡೆ ಬಂದರಷ್ಟೇ ವಾಪಸ್ ಕಾಣುತ್ತಾನೆ. ಮೈದಾನದ 22 ಮಂದಿಯೂ ಕಾಣುವ ಹಾಗೆ ಎತ್ತರದಿಂದ ತೆಗೆದ ಚಿತ್ರಣಕ್ಕೆ ಇಲ್ಲಿ ಆಲ್-22 ಅನ್ನುತ್ತಾರೆ. ತಂಡಗಳ ಸ್ಕೌಟ್‌ಗಳು ಕೂತು ನೋಡುವುದು ಅದನ್ನೇ. ಎನ್‌ಎಫ್‌ಎಲ್ ಪಂದ್ಯಗಳದ್ದು ಚಂದಾ ಕಟ್ಟಿದರೆ ಸಿಗುತ್ತದೆ, ಕಾಲೇಜು ಪಂದ್ಯಗಳದ್ದು ನಮ್ಮಂಥವರ ಕೈಗೆ ಸುಲಭಕ್ಕೆ ಬರುವುದಿಲ್ಲ. ಅದಕ್ಕೇ ನಾನು ಆದಷ್ಟು ಕ್ರೀಡಾಂಗಣಕ್ಕೇ ಹೋಗುತ್ತೇನೆ. ಗೋಲ್ ಕಂಬದ ಹಿಂದೆ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಟಿಕೆಟ್ ತೆಗೆದುಕೊಳ್ಳುತ್ತೇನೆ. ಅಗ್ಗದ ಜಾಗ. ಆಟಗಾರರನ್ನು ತೂಗಿ ನೋಡುವವನಿಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

2024ರ ಅಕ್ಟೋಬರ್ 26ರಂದು ಮ್ಯಾಡಿಸನ್‌ನ ಕ್ಯಾಂಪ್ ರ‍್ಯಾಂಡಲ್‌ನಲ್ಲಿ ಪೆನ್ ಸ್ಟೇಟ್ ಕಾಲೇಜು ತಂಡ ಬಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡವನ್ನು 28-13ರಿಂದ ಸೋಲಿಸಿತ್ತು. ಅವತ್ತು ನಾನು ನೋಡಲು ಹೋದದ್ದು ಟೈಲರ್ ವಾರೆನ್ ಅನ್ನುವ ಟೈಟ್ ಎಂಡ್‌ನನ್ನು, ಅಂದರೆ ಚೆಂಡು ಹಿಡಿಯುವ, ಎದುರಾಳಿಯನ್ನು ತಡೆಯುವ ಎರಡೂ ಕೆಲಸದವನನ್ನು. ಒಂದು ಸಲ ಲೈನ್‌ಗೆ ಅಂಟಿಕೊಂಡು ನಿಂತರೆ ಮುಂದಿನ ಸಲ ರಿಸೀವರ್ ಜಾಗದಲ್ಲಿ, ಆಮೇಲೆ ಕ್ವಾರ್ಟರ್‌ಬ್ಯಾಕ್ ಹಿಂದೆ. ಅವನು ಎಲ್ಲಿ ಹೋಗಿ ನಿಲ್ಲುತ್ತಾನೋ ಅಲ್ಲಿಗೆ ವಿಸ್ಕಾನ್ಸಿನ್ ಡಿಫೆನ್ಸ್ ಒಬ್ಬರಿಗೊಬ್ಬರು ಕೈ ತೋರಿಸಿಕೊಂಡು ಜಾಗ ಬದಲಿಸಬೇಕಿತ್ತು. ಚೆಂಡು ಅವನ ಹತ್ತಿರ ಹೋಗದ ಆಟದಲ್ಲೂ ಇಬ್ಬರು ಅವನನ್ನೇ ಕಾಯುತ್ತಿದ್ದರು. ಇದು ಯಾವ ಅಂಕಿಪಟ್ಟಿಯಲ್ಲೂ ಬರುವುದಿಲ್ಲ. ಅವನು ನಮಗೆ ಸಿಗುವವನಾಗಿರಲಿಲ್ಲ, ಮುಂದೆ 14ನೆಯವನಾಗಿ ಇಂಡಿಯಾನಾಪೊಲಿಸ್‌ಗೆ ಹೋದ. ಆದರೆ ಉಳಿದ ರಿಸೀವರ್‌ಗಳನ್ನು ನೋಡುವ ಕಣ್ಣು ನನಗೆ ಅವತ್ತು ಅಲ್ಲಿ ಇನ್ನಷ್ಟು ತೆರೆಯಿತು.

ಕಾರ್ನರ್‌ಗಳನ್ನು ನೋಡುವಾಗ ಊರಿನ ಕಬಡ್ಡಿಯೇ ನನ್ನ ನೆರವಿಗೆ ಬರುವುದು. ಅಂಕಣದ ಮೂಲೆಯಲ್ಲಿ ನಿಂತ ಹುಡುಗನಿಗೆ ನಮ್ಮ ಮಾವ ಕೂಗಿ ಹೇಳುತ್ತಿದ್ದರು, "ಮೊಕ ನೋಡ್ಬೇಡ ಕಣ್ಲಾ, ಸೊಂಟ ನೋಡು!" ರೈಡರ್ ಕಣ್ಣಲ್ಲಿ ಎಡಕ್ಕೆ ತೋರಿಸಿ ಬಲಕ್ಕೆ ಹಾಯಬಹುದು, ಭುಜದಲ್ಲಿ ಆಸೆ ತೋರಿಸಬಹುದು, ಆದರೆ ಸೊಂಟ ತಿರುಗದೆ ಮೈ ತಿರುಗುವುದಿಲ್ಲ. ಇಲ್ಲಿಯ ಕೋಚ್‌ಗಳು ಕಾರ್ನರ್‌ಗೆ ಕಲಿಸುವುದೂ ಅದನ್ನೇ. ಹಾಗಾಗಿ ಹಿಂದಕ್ಕೆ ಓಡುತ್ತಿರುವ ಕಾರ್ನರ್ ತನ್ನ ಸೊಂಟ ತಿರುಗಿಸಿ ರಿಸೀವರ್ ಜೊತೆ ಮುಂದಕ್ಕೆ ಓಡಲು ಎಷ್ಟು ಹೆಜ್ಜೆ ತೆಗೆದುಕೊಳ್ಳುತ್ತಾನೆ ಅನ್ನುವುದನ್ನು ನಿಧಾನಗತಿಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುತ್ತೇನೆ. ಟೆಕ್ಸಸ್ ವಿಶ್ವವಿದ್ಯಾಲಯದ ಜಾಡೇ ಬ್ಯಾರನ್ ಇದರಲ್ಲಿ ನನಗೆ ಬಹಳ ಹಿಡಿಸಿದ. ಮೂಲೆಯಲ್ಲಿ, ಒಳಗೆ, ಹಿಂದೆ, ಎಲ್ಲಿ ನಿಲ್ಲಿಸಿದರೂ ಗಲಿಬಿಲಿ ಇಲ್ಲ, ಓಡಿ ಬಂದವನನ್ನು ಕೆಡವಲು ಹಿಂಜರಿಕೆ ಇಲ್ಲ.

ಈ ಬ್ಯಾರನ್ ವಿಷಯಕ್ಕೇ ನನಗೂ ಮಿಲ್‌ವಾಕಿಯಲ್ಲಿರುವ ಹುಬ್ಬಳ್ಳಿ ಗೆಳೆಯನಿಗೂ ಜೋರು ವಾದ ಆದದ್ದು. ಅವನು ಅಂಕಿಸಂಖ್ಯೆಯವನು. ಫೆಬ್ರುವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ನಡೆಯುತ್ತದೆ. ಮುನ್ನೂರಕ್ಕೂ ಹೆಚ್ಚು ಹುಡುಗರನ್ನು ಕರೆಸಿ 40 ಗಜ ಓಡಿಸುತ್ತಾರೆ, ಎತ್ತರಕ್ಕೆ ಉದ್ದಕ್ಕೆ ಜಿಗಿಸುತ್ತಾರೆ, 225 ಪೌಂಡ್ ಎತ್ತಿಸುತ್ತಾರೆ, ತೋಳು ಅಂಗೈ ಅಳೆಯುತ್ತಾರೆ. ಆ ವರ್ಷ ಕೆಂಟಕಿಯ ಮ್ಯಾಕ್ಸ್‌ವೆಲ್ ಹೇರ್‌ಸ್ಟನ್ 4.28 ಸೆಕೆಂಡಿನಲ್ಲಿ ಓಡಿ ಎಲ್ಲರಿಗಿಂತ ಮುಂದಿದ್ದ. ರಾತ್ರಿಯೇ ಫೋನ್ ಬಂತು.

"ಲೇ, ಅಷ್ಟ್ ಜೋರ್ ಓಡ್ಯಾನ, ಅವನ್ನ ಬಿಟ್ಟು ಬ್ಯಾರನ್‌ನ್ನ ಯಾಕ್ ಮ್ಯಾಲಿಟ್ಟಿ?"

"ಓಟ ನೋಡಪ್ಪಾ, ಬೇಡ ಅನ್ನಲ್ಲ. ಎದುರಿಗೆ ಓಡಿಬರೋ ದಪ್ಪನೆಯವನನ್ನ ಕೆಡವೋದು ಯಾರು?"

"ಕೆಡವೂದು ಕಲೀತಾನ. ಓಟ ಕಲ್ಸಾಕ್ ಆಗ್ತದೇನು?"

ಅವನ ಮಾತಲ್ಲೂ ಹುರುಳಿದೆ. ಪ್ಯಾಕರ್ಸ್ ಕೂಡ ಮೈಕಟ್ಟಿಗೆ, ಓಟಕ್ಕೆ, ಜಿಗಿತಕ್ಕೆ ಬಹಳ ಬೆಲೆ ಕೊಡುವ ತಂಡ. ಕೆಂಟ್ ಲೀ ಪ್ಲಾಟ್ ಎಂಬುವರು ಎಲ್ಲ ಅಳತೆಗಳನ್ನು ಸೇರಿಸಿ ಹತ್ತಕ್ಕೆ ಇಷ್ಟು ಅಂತ ಒಂದು ಅಂಕ ಕೊಡುತ್ತಾರೆ, ಅದರಲ್ಲಿ ಮೇಲಿರುವವರೇ ಗ್ರೀನ್ ಬೇ ಆಯ್ಕೆಗಳಲ್ಲಿ ಮತ್ತೆ ಮತ್ತೆ ಕಾಣುವುದು. ಆದರೆ ನಾನು ಪಾಲಿಸುವ ಒಂದು ಕ್ರಮ ಇದೆ. ಕಂಬೈನ್‌ಗೆ ಮುಂಚೆಯೇ ಆಟ ನೋಡಿ ದರ್ಜೆ ಬರೆದು ಮುಗಿಸಿರುತ್ತೇನೆ. ಮೊದಲ ಸುತ್ತು, ಎರಡು ಮೂರನೆಯದು, ನಾಲ್ಕು ಐದು, ಅದಕ್ಕೂ ಕೆಳಗೆ, ಇಷ್ಟೇ ದರ್ಜೆಗಳು. ಆಮೇಲೆ ಬಂದ ಅಂಕಿ ದರ್ಜೆಯನ್ನು ನೇರವಾಗಿ ಬದಲಿಸುವ ಹಾಗಿಲ್ಲ. ಅಂಕಿ ನನ್ನ ಟಿಪ್ಪಣಿಗೆ ಹೊಂದದಿದ್ದರೆ ಮತ್ತೆ ಆಟ ನೋಡಬೇಕು. ಯಾಕೆ ಹೊಂದಲಿಲ್ಲ ಅನ್ನುವುದಕ್ಕೆ ಆಟದಲ್ಲೇ ಉತ್ತರ ಸಿಗಬೇಕು.

ಮ್ಯಾಥ್ಯೂ ಗೋಲ್ಡನ್ ವಿಷಯದಲ್ಲಿ ಆದದ್ದು ಅದೇ. ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಆಡಿ 2024ಕ್ಕೆ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಬಂದ ರಿಸೀವರ್. ಆ ಸೀಸನ್‌ನಲ್ಲಿ 58 ಕ್ಯಾಚ್, 987 ಯಾರ್ಡ್, ಒಂಬತ್ತು ಟಚ್‌ಡೌನ್ (ಎದುರಾಳಿಯ ಕೊನೆ ಗೆರೆ ದಾಟಿ ಗಳಿಸುವ ಅಂಕ). ಜಾರ್ಜಿಯಾ ವಿರುದ್ಧ, ಎಸ್‌ಇಸಿ ಎಂಬ ಕಾಲೇಜು ಲೀಗ್‌ನ ಫೈನಲ್‌ನಲ್ಲಿ ಒಬ್ಬನೇ 162 ಯಾರ್ಡ್ ಹೊಡೆದ. ಹೊಸ ವರ್ಷದ ದಿನ ಅರಿಜೋನಾ ಸ್ಟೇಟ್ ಎದುರು ಹೆಚ್ಚುವರಿ ಸಮಯದಲ್ಲಿ, ಸೋಲು ಇನ್ನೊಂದೇ ಆಟದಷ್ಟು ದೂರ ಇದ್ದಾಗ, ಕೊನೆಯದಾದ ನಾಲ್ಕನೇ ಯತ್ನದಲ್ಲಿ 13 ಯಾರ್ಡ್ ಬೇಕಿದ್ದಲ್ಲಿ 28 ಯಾರ್ಡ್ ಟಚ್‌ಡೌನ್ ಹಿಡಿದವನೂ ಇವನೇ. ಅದನ್ನು ಎಲ್ಲರೂ ನೋಡಿದ್ದಾರೆ. ನನ್ನ ಪುಸ್ತಕದಲ್ಲಿ ಅವನ ಹೆಸರಿನ ಕೆಳಗೆ ಬರೆದದ್ದು ಬೇರೆ. ಚೆಂಡು ತಲೆಯ ಮೇಲೆ ಹಾದು ಬರುವಾಗ ಕೈ ಬೇಗ ಎತ್ತುವುದಿಲ್ಲ. ಬೆನ್ನಿಗೆ ಅಂಟಿ ಓಡುವ ಕಾರ್ನರ್ ರಿಸೀವರ್ ಕೈಯನ್ನೇ ನೋಡುತ್ತಿರುತ್ತಾನೆ, ಕೈ ಎದ್ದರೆ ಚೆಂಡು ಬಂತು ಅಂತ ತಿಳಿದು ತಟ್ಟಿಬಿಡುತ್ತಾನೆ. ಗೋಲ್ಡನ್ ಕೊನೆ ಗಳಿಗೆವರೆಗೂ ಕೈ ಕೆಳಗಿಟ್ಟುಕೊಂಡು ಓಡುತ್ತಾನೆ, ಚೆಂಡು ಎದೆಯ ಮುಂದೆ ಬಂದಾಗಷ್ಟೇ ಬೆರಳು ಬಿಚ್ಚುತ್ತಾನೆ. ಮೊದಲ ಸಲ ಇದು ನನ್ನ ಕಣ್ಣಿಗೆ ಬಿದ್ದಾಗ ವಿಡಿಯೊ ನಿಲ್ಲಿಸಿ ಹಿಂದಕ್ಕೆ ಹೋಗಿ ಹೋಗಿ ನೋಡಿದೆ. ಐದು ಅಡಿ ಹನ್ನೊಂದು ಇಂಚಿನ, 191 ಪೌಂಡಿನ ಹುಡುಗ ತನಗಿಂತ ಎತ್ತರದವರ ನಡುವೆ ಅಷ್ಟು ಚೆಂಡು ಗೆಲ್ಲುವುದು ಹೇಗೆ ಅನ್ನುವುದಕ್ಕೆ ಅಲ್ಲಿ ಉತ್ತರ ಇತ್ತು.

ಕಂಬೈನ್‌ನಲ್ಲಿ ಅವನು ಓಡಿದ್ದು 4.29. ರಿಸೀವರ್‌ಗಳಲ್ಲೇ ಮೊದಲು. ಆಟದಲ್ಲಿ ಅವನು ಅಷ್ಟು ವೇಗದವನು ಅಂತ ಕಂಡಿರಲಿಲ್ಲ, ಹಾಗಾಗಿ ಮತ್ತೆ ಕೂತೆ. ಅವನು ಇಡೀ ಓಟವನ್ನು ಒಂದೇ ಬಿರುಸಿನಲ್ಲಿ ಓಡುವವನಲ್ಲ. ಮಧ್ಯದಲ್ಲಿ ಸ್ವಲ್ಪ ತಗ್ಗಿಸಿ, ಕಾರ್ನರ್‌ನ ಕಾಲು ಸಡಿಲವಾದ ಕೂಡಲೇ ಮತ್ತೆ ಏರಿಸುತ್ತಾನೆ. ಟಿವಿಯಲ್ಲಿ ಅದು ನಿಧಾನದ ಹಾಗೆ ಕಾಣುತ್ತದೆ. ಎದೆಗೆ ಕೈಕೊಟ್ಟು ತಡೆಯುವ ಬಲಶಾಲಿ ಕಾರ್ನರ್ ಎದುರು ಶುರುವಿನಲ್ಲೇ ತೊಡಕು ಬೀಳುತ್ತದೆ ಅನ್ನುವ ಟಿಪ್ಪಣಿಯನ್ನು ಮಾತ್ರ ಹಾಗೇ ಇಟ್ಟೆ.

ನನ್ನ ಪಟ್ಟಿಯಲ್ಲಿ ಅವನಿಗಿಂತ ಮೇಲಿದ್ದ ರಿಸೀವರ್ ಓಹಾಯೊ ಸ್ಟೇಟ್‌ನ ಎಮೆಕಾ ಎಗ್‌ಬೂಕಾ. ಅದಕ್ಕೆ ಕಾರಣ ಅವನ ಕ್ಯಾಚ್‌ಗಳಲ್ಲ. ಚೆಂಡು ಇನ್ನೊಬ್ಬನ ಕೈಗೆ ಹೋಗಿ ಓಟ ಆ ಬದಿಗೆ ಸಾಗಿದಾಗ ರಿಸೀವರ್ ಏನು ಮಾಡುತ್ತಾನೆ ನೋಡಿ. ಎಷ್ಟೋ ಮಂದಿ ಎರಡು ಹೆಜ್ಜೆ ಜಾಗಿಂಗ್ ಮಾಡಿ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾರೆ. ಎಗ್‌ಬೂಕಾ ತನಗೆ ಸಂಬಂಧವೇ ಇಲ್ಲದ ಕಡೆಯ ಸೇಫ್ಟಿಯನ್ನು (ಎಲ್ಲರ ಹಿಂದೆ ನಿಂತು ಕಾಯುವವನನ್ನು) ಹುಡುಕಿಕೊಂಡು ಹೋಗಿ ಎದೆ ಕೊಟ್ಟು ತಡೆಯುತ್ತಾನೆ. ಅವನನ್ನು ಹೊಗಳುವ ಮಾತೂ ಅಲ್ಲಿ ಕೇಳಿಸುವುದಿಲ್ಲ, ಕ್ಯಾಮೆರಾ ಆಗಲೇ ಬೇರೆಡೆ ಹೋಗಿರುತ್ತದೆ. ಪ್ಯಾಕರ್ಸ್ ರಿಸೀವರ್‌ಗಳಿಂದ ಬಯಸುವ ಕೆಲಸ ಇದೇ.

ಮನೆಯಲ್ಲಿ ಕೂತು ನೋಡುವವನಿಗೆ ಎಟುಕದ ಸಂಗತಿಗಳೂ ಇವೆ, ಅವುಗಳನ್ನು ಗೌರವಿಸಬೇಕು. ವೈದ್ಯರ ವರದಿ ತಂಡಗಳಿಗಷ್ಟೇ ಸಿಗುತ್ತದೆ. ಪ್ರತಿ ತಂಡ 30 ಹುಡುಗರನ್ನು ತನ್ನ ಕಚೇರಿಗೇ ಕರೆಸಿ ಮಾತಾಡಬಹುದು, ಬೋರ್ಡಿನ ಮುಂದೆ ನಿಲ್ಲಿಸಿ ಆಟ ಬಿಡಿಸಿ ಹೇಳು ಅನ್ನಬಹುದು. ಮಿಷಿಗನ್‌ನ ಕಾರ್ನರ್ ವಿಲ್ ಜಾನ್ಸನ್ ಆಟದ ಲೆಕ್ಕದಲ್ಲಿ ಮೊದಲ ಸುತ್ತಿನವನು, ಆದರೆ ಮೊಣಕಾಲಿನ ಬಗ್ಗೆ ತಂಡಗಳಿಗೆ ಅಳುಕಿದೆ ಎಂಬ ವರದಿಗಳು ಬಂದವು. ನನ್ನ ಪುಸ್ತಕದಲ್ಲಿ ಆರೋಗ್ಯದ ಅಂಕಣ ಖಾಲಿ. ಗುಣನಡತೆಯ ಅಂಕಣವಂತೂ ನಾನು ಇಟ್ಟುಕೊಂಡೇ ಇಲ್ಲ. ಇಪ್ಪತ್ತೊಂದು ಇಪ್ಪತ್ತೆರಡು ವರ್ಷದ ಹುಡುಗ ಎಂಥವನು ಅಂತ ಯಾರೋ ಹೆಸರಿಲ್ಲದವರು ಹೇಳಿದ ಮಾತನ್ನು ಬರೆದಿಡುವುದು ಅನ್ಯಾಯ. ಡ್ರಾಫ್ಟ್ ಹತ್ತಿರ ಬಂದ ಹಾಗೆ ಅಂಥ ಮಾತು ಬಹಳ ಹಾರಾಡುತ್ತವೆ, ಆ ಹುಡುಗರ ಮನೆಯಲ್ಲೂ ಅಪ್ಪ ಅಮ್ಮ ಅದನ್ನು ಓದುತ್ತಾರೆ.

ನುಗ್ಗುವವರಲ್ಲಿ ನನ್ನ ಮನಸ್ಸು ಇದ್ದದ್ದು ಬಾಸ್ಟನ್ ಕಾಲೇಜಿನ ಡಾನವನ್ ಎಜಿರುವಾಕು ಮೇಲೆ. 2024ರಲ್ಲಿ 16.5 ಸ್ಯಾಕ್, ಅಂದರೆ ಚೆಂಡು ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ್ದು. ಆಗ ಪ್ಯಾಕರ್ಸ್ ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಜೆಫ್ ಹ್ಯಾಫ್ಲಿ ಗ್ರೀನ್ ಬೇಗೆ ಬರುವ ಮುಂಚೆ ಅಲ್ಲಿಯೇ ಮುಖ್ಯ ಕೋಚ್ ಆಗಿದ್ದರು, ಇವನನ್ನು ಹತ್ತಿರದಿಂದ ಬಲ್ಲವರು. ಆದರೆ 250 ಪೌಂಡಿಗೂ ಕಡಿಮೆ ತೂಕದವನು, ನಮ್ಮ ತಂಡ ಈ ಜಾಗಕ್ಕೆ ದಪ್ಪನೆಯವರನ್ನೇ ಇಟ್ಟುಕೊಳ್ಳುತ್ತ ಬಂದಿದೆ. ಅದಕ್ಕೆ ಎರಡನೇ ಸುತ್ತಿನ ದರ್ಜೆ ಕೊಟ್ಟೆ. ಇನ್ನೂ ಕೆಳಗೆ, ನಾಲ್ಕನೇ ಸುತ್ತಿಗೆ, ಟೆಕ್ಸಸ್‌ನ ಬ್ಯಾರಿನ್ ಸೊರೆಲ್ ಹೆಸರು. ಬಾಗಿ ತಿರುಗುವ ಚುರುಕು ಕಡಿಮೆ, ಆದರೆ ಆಟ ಅವನಿಂದ ದೂರ ಹೋದ ಮೇಲೂ ಬೆನ್ನಟ್ಟುವುದನ್ನು ಬಿಡುವವನಲ್ಲ ಅಂತ ಪಕ್ಕದಲ್ಲಿ ಬರೆದಿದ್ದೆ.

2025ರ ಡ್ರಾಫ್ಟ್ ನಡೆದದ್ದು ಗ್ರೀನ್ ಬೇಯಲ್ಲೇ, ಪ್ಯಾಕರ್ಸ್ ಕ್ರೀಡಾಂಗಣ ಲ್ಯಾಂಬೊ ಫೀಲ್ಡ್ ಹೊರಗೆ. ಏಪ್ರಿಲ್ 24ರ ಸಂಜೆ ನಾನೂ ಹುಬ್ಬಳ್ಳಿ ಗೆಳೆಯನೂ ಅಲ್ಲಿದ್ದೆವು, ಕೈಯಲ್ಲಿ ಪಟ್ಟಿ. ಮೂರು ದಿನಕ್ಕೆ ಆರು ಲಕ್ಷ ಜನ ಬಂದರು ಅಂತ ಲೀಗ್ ಲೆಕ್ಕ ಕೊಟ್ಟಿತು. 19ಕ್ಕೆ ಎಗ್‌ಬೂಕಾ ಟ್ಯಾಂಪಾ ಬೇಗೆ ಹೋದ. 20ಕ್ಕೆ ಬ್ಯಾರನ್ ಡೆನ್ವರ್‌ಗೆ. ಒಂದೊಂದೇ ಹೆಸರಿಗೆ ಗೀಟು ಹಾಕುತ್ತಾ ಬಂದೆ, ಮೇಲೆ ಉಳಿದಿದ್ದವನು ಗೋಲ್ಡನ್. 23ರ ಸರದಿಗೆ ತಂಡದ ಅಧ್ಯಕ್ಷ ಮಾರ್ಕ್ ಮರ್ಫಿ ವೇದಿಕೆಗೆ ಬಂದು ಆ ಹೆಸರು ಓದಿದಾಗ ಎದ್ದ ಕೂಗು ಇನ್ನೂ ಕಿವಿಯಲ್ಲಿದೆ. 23 ವರ್ಷ ಆಗಿತ್ತು ಮೊದಲ ಸುತ್ತಿನಲ್ಲಿ ರಿಸೀವರ್ ಬಂದು. ಹುಬ್ಬಳ್ಳಿ ಗೆಳೆಯ ನನ್ನ ಬೆನ್ನಿಗೆ ಹೊಡೆದು, "4.29 ಓಡ್ಯಾನ್ಲೇ, ನಾ ಹೇಳಿರ್ಲಿಲ್ಲೇನು?" ಅಂದ. ನಾನು ಆ ಕೈಗಳ ಬಗ್ಗೆ ಹೇಳಲು ಶುರುಮಾಡಿದೆ. ಗದ್ದಲದಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ.

ಎರಡನೇ ದಿನ ಎಜಿರುವಾಕು ನಮಗಿಂತ ಮುಂಚೆಯೇ 44ಕ್ಕೆ ಡಲ್ಲಾಸ್ ಪಾಲಾದ, ವಿಲ್ ಜಾನ್ಸನ್ 47ರವರೆಗೆ ಇಳಿದು ಅರಿಜೋನಾಕ್ಕೆ ಹೋದ. ನಮ್ಮವರು 54ಕ್ಕೆ ಆಂಟನಿ ಬೆಲ್ಟನ್ ಎಂಬ, ಕ್ವಾರ್ಟರ್‌ಬ್ಯಾಕ್‌ಗೆ ಅಡ್ಡ ನಿಂತು ಕಾಯುವ ಭಾರೀ ಟ್ಯಾಕಲ್‌ನನ್ನೂ, 87ಕ್ಕೆ ಮತ್ತೊಬ್ಬ ರಿಸೀವರ್ ಸವಿಯನ್ ವಿಲಿಯಮ್ಸ್‌ನನ್ನೂ ಆರಿಸಿದರು. ಮೂರನೇ ದಿನ ಇಡೀ ಟಿವಿ ಹೆಸರುವಾಸಿ ಕ್ವಾರ್ಟರ್‌ಬ್ಯಾಕ್ ಷೆಡೂರ್ ಸ್ಯಾಂಡರ್ಸ್ ಯಾಕೆ ಇನ್ನೂ ಉಳಿದಿದ್ದಾನೆ ಅನ್ನುವುದರಲ್ಲೇ ಮುಳುಗಿತ್ತು. ನನ್ನ ಲಕ್ಷ್ಯ ಸೊರೆಲ್ ಮೇಲೆ. ಡ್ರಾಫ್ಟ್‌ಗೆ ಬಂದ ಹುಡುಗರಲ್ಲಿ ಹೆಸರು ಬಾರದವರು ಸಾಮಾನ್ಯವಾಗಿ ಹೊರಟುಬಿಡುತ್ತಾರೆ. ಅವನು ಮೂರನೇ ದಿನವೂ ಗ್ರೀನ್ ಬೇಯಲ್ಲೇ ಕಾದ. 124ಕ್ಕೆ ಪ್ಯಾಕರ್ಸ್ ಅವನನ್ನೇ ಆರಿಸಿತು, ಅದೇ ಊರಿನ ವೇದಿಕೆ ಹತ್ತಿದ. ಆಟ ದೂರ ಹೋದರೂ ಬೆನ್ನಟ್ಟುವವನು ಅಂತ ಬರೆದಿದ್ದ ಸಾಲನ್ನು ಗೆಳೆಯನಿಗೆ ತೋರಿಸಿದೆ. ಈ ಸಲ ಅವನು ವಾದ ಮಾಡಲಿಲ್ಲ.

ಈಗ ಕೆಲಸದ ಸ್ವರೂಪವೇ ಬದಲಾಗಿದೆ. 2025ರ ಆಗಸ್ಟ್ ಕೊನೆಯಲ್ಲಿ, ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಮೈಕಾ ಪಾರ್ಸನ್ಸ್‌ಗಾಗಿ ಪ್ಯಾಕರ್ಸ್ ಕೆನಿ ಕ್ಲಾರ್ಕ್‌ನ ಜೊತೆಗೆ 2026 ಮತ್ತು 2027ರ ಮೊದಲ ಸುತ್ತಿನ ಸರದಿಗಳನ್ನು ಡಲ್ಲಾಸ್‌ಗೆ ಬಿಟ್ಟುಕೊಟ್ಟಿದೆ. ಪಿಟ್ಸ್‌ಬರ್ಗ್‌ನ 2026ರ ಡ್ರಾಫ್ಟ್‌ನಲ್ಲಿ ಮೊದಲ ರಾತ್ರಿ ನಮಗೆ ಸರದಿಯೇ ಇಲ್ಲ. ಹಾಗಾಗಿ ಈ ಸಲ ಮೊದಲ ಸುತ್ತಿನ ಹೆಸರುಗಳನ್ನು ಪೂರ್ತಿ ಬಿಟ್ಟು, ನೆಲ್ಸನ್, ಜೆನಿಂಗ್ಸ್, ಆಡಮ್ಸ್ ಸಿಕ್ಕ ಎರಡನೇ ಸುತ್ತಿನಿಂದ ಪುಸ್ತಕ ತೆರೆದಿದ್ದೇನೆ. ಟಿವಿಯಲ್ಲಿ ಬರದ ಸಣ್ಣ ಕಾಲೇಜುಗಳ ಪಂದ್ಯಗಳನ್ನು ಹುಡುಕಬೇಕು. ಮೂಲೆಯಲ್ಲಿ ಆಡಬಲ್ಲ ಉದ್ದ ತೋಳಿನ ಕಾರ್ನರ್ ಒಬ್ಬ, ಕ್ಲಾರ್ಕ್ ಬಿಟ್ಟುಹೋದ ನಡುಜಾಗಕ್ಕೆ ಒಬ್ಬ ಗಟ್ಟಿ ಹುಡುಗ, ಇವರಿಬ್ಬರು ಮೊದಲು ಬೇಕು. ಮುಂದಿನ ಶನಿವಾರಕ್ಕೆ ಹಿಂದಿನ ಬೀದಿಯ ಕೋಚ್ ಜೊತೆ ಹೋಗಲು ಮೇಲಿನ ಸಾಲಿನ ಎರಡು ಟಿಕೆಟ್ ತೆಗೆದಿಟ್ಟಿದ್ದೇನೆ.